ಮಾನ್ವಿ ಬಸ್ಸಿಗೆ ಹೋದ ಪೆನ್‌ಡ್ರೈವ್

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ರಾಯಚೂರಿನ ಒಂದು ದತ್ತಿ ಸಂಸ್ಥೆಯಲ್ಲಿ ನಾನು ಕಂಪ್ಯೂಟರ್ ತಂತ್ರಜ್ಞೆ. ಮಕ್ಕಳ ಕಿವಿ ಪರೀಕ್ಷಿಸಿ ಶ್ರವಣಯಂತ್ರ ಹಾಕಿಸುವುದು ಸಂಸ್ಥೆಯ ಕೆಲಸ. ದೇವದುರ್ಗ, ಮಾನ್ವಿಗಳಲ್ಲಿ ಒಂದೊಂದು ಕೇಂದ್ರ. ಮೂರೂ ಕಡೆಯ ಕಂಪ್ಯೂಟರ್‌ಗಳ ಗೋಳು ನನ್ನೊಬ್ಬಳ ತಲೆಯ ಮೇಲೆ. "ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ" ಎಂದು ಹೇಳಿ ಹೇಳಿ ಬಾಯಿ ಸವೆದುಹೋಗಿತ್ತು.

ಪರೀಕ್ಷೆಯ ಅಳತೆಗಳನ್ನು ಉಳಿಸಿಡಲು ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಬಳಸುತ್ತಿದ್ದೆವು. ಅಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ. ಆ ಕೋಡ್‌ನಿಂದ ನಾವೇ ಕಟ್ಟಿಕೊಳ್ಳುವ ರಗಳೆ ಇರಲಿಲ್ಲ. ಬರೆದವರೇ ತಯಾರಿಸಿಟ್ಟ ಸ್ಟ್ಯಾಂಡ್‌ಅಲೋನ್ ಬೈನರಿ ಸಿಗುತ್ತಿತ್ತು: ಒಂದೇ ಫೈಲ್, ಇನ್‌ಸ್ಟಾಲ್ ಮಾಡುವುದೇ ಬೇಡ. ಹಳೆಯ ಫೈಲ್ ಇದ್ದಲ್ಲಿ ಹೊಸದನ್ನಿಟ್ಟರೆ ಅಪ್‌ಡೇಟ್ ಮುಗಿಯಿತು. ಒಂದೇ ತಕರಾರು, ಅದನ್ನು ಎಲ್ಲಿಂದ ತೆರೆಯುತ್ತೇವೋ ಅಲ್ಲೇ ಪಕ್ಕದಲ್ಲಿ ಅದು ಮಾಹಿತಿ ಬರೆದಿಡುತ್ತದೆ.

ದೇವದುರ್ಗದ ಇಂಟರ್‌ನೆಟ್ಟಿನಲ್ಲಿ ಅಷ್ಟು ದೊಡ್ಡ ಫೈಲ್ ಇಳಿಯುತ್ತಿರಲಿಲ್ಲ. ಹಾಗಾಗಿ ಪೆನ್‌ಡ್ರೈವ್‌ಗೆ ಹಾಕಿ, ಕವರಿನ ಮೇಲೆ ಹೆಸರು ಬರೆದು, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ನಮ್ಮ ಪದ್ಧತಿ. ಊಟದ ಡಬ್ಬಿ, ಔಷಧಿ, ಟ್ರ್ಯಾಕ್ಟರ್ ಸಾಮಾನು ಹೋಗುವ ಹಾಗೆಯೇ ಸಾಫ್ಟ್‌ವೇರೂ ಹೋಗುತ್ತಿತ್ತು. ಅಲ್ಲಿ ಕೆಲಸ ಮುಗಿದ ಮೇಲೆ ಅದೇ ಪೆನ್‌ಡ್ರೈವ್ ಇನ್ನೊಂದು ಬಸ್ಸಿನಲ್ಲಿ ಮಾನ್ವಿಗೆ.

ಹೀಗೆ ಹೊಸ ಫೈಲ್ ಕಳಿಸಿದ್ದ ಒಂದು ಬೆಳಗ್ಗೆ ದೇವದುರ್ಗ ಕೇಂದ್ರದ ರೇಣುಕಾ ಫೋನ್ ಮಾಡಿ, "ಓಪನ್ ಆತ್ರಿ ಮೇಡಂ, ಹೊಸಾದು ಭಾಳ ಚಂದ ಅದ," ಎಂದಳು. ನಾನೂ ನಿರಾಳವಾದೆ. ಶ್ರವಣ ತಜ್ಞರು ಮಕ್ಕಳನ್ನೆಲ್ಲ ಪರೀಕ್ಷಿಸಿ, ತಮ್ಮ ಉಪಕರಣದೊಂದಿಗೆ ಮಾನ್ವಿಗೆ ಹೊರಟರು. ಆ ಅಳತೆ ನೋಡಿ ಮಧ್ಯಾಹ್ನ ಶ್ರವಣಯಂತ್ರಗಳನ್ನು ಹೊಂದಿಸಬೇಕಾದವಳು ರೇಣುಕಾ.

ಊಟದ ಹೊತ್ತಿಗೆ ಮತ್ತೆ ಅವಳದೇ ಫೋನ್.

"ಮೇಡಂ, ಇವತ್ತಿನ ಒಂದು ಹುಡುಗರ ಹೆಸರೂ ಕಾಣವಲ್ದು. ಮುಂಜಾನಿ ಎಲ್ಲಾ ಇದ್ವು ನೋಡ್ರಿ!"

"ಪೆನ್‌ಡ್ರೈವ್ ಎಲ್ಲಿ?"

"ಮಾನ್ವಿ ಬಸ್ಸಿಗೆ ಕೊಟ್ಟೆನಲ್ರೀ."

ಅಯ್ಯೋ ದೇವರೇ! ಕಂಪ್ಯೂಟರಿಗೆ ಕಾಪಿ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಸಿದ್ದಳು. ಅಳತೆಗಳೆಲ್ಲ ಬಸ್ ಹತ್ತಿ ಹೋಗಿದ್ದವು. ಈಗ ಅವಳ ಮುಂದಿದ್ದದ್ದು ಕಂಪ್ಯೂಟರಿನಲ್ಲೇ ಉಳಿದಿದ್ದ ಹಳೆಯ ಫೈಲ್.

ಉಳಿದ ಮಕ್ಕಳು ಅದೇ ಊರಿನವರು, ಇನ್ನೊಂದು ದಿನ ಬರಬಹುದಿತ್ತು. ಆದರೆ ಹುಲಿಗೆಮ್ಮನ ಆರು ವರ್ಷದ ಮಗಳು ದುರ್ಗಿಗೆ ಆ ದಿನವೇ ಆಗಬೇಕಿತ್ತು. ಸಂಜೆ ಮೇಸ್ತ್ರಿಯ ಗಾಡಿಯಲ್ಲಿ ತಾಯಿ, ಮಗಳು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುವವರು. ಮತ್ತೆ ಊರು ಕಾಣುವುದು ಯುಗಾದಿಗೆ. ಅಲ್ಲಿಯವರೆಗೂ ಮಗು ಅರೆಕಿವುಡಿಯಾಗಿಯೇ ಇರಬೇಕಿತ್ತು.

ನಾನು ಮಾನ್ವಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅಲ್ಲಿನ ಕೇಂದ್ರದ ಹುಸೇನನಿಗೆ ಫೋನ್ ಹಚ್ಚಿದೆ. ಆತನಿಗೆ ಒಂದು ಚಟ: ಹೊರಗಿನ ಪೆನ್‌ಡ್ರೈವ್ ಬಂದರೆ ಬೇಕಾದ ಫೈಲ್ ತೆಗೆದುಕೊಂಡು, ವೈರಸ್ ಭಯಕ್ಕೆ ಉಳಿದದ್ದನ್ನೆಲ್ಲ ಅಳಿಸಿಬಿಡುವುದು. ಕೊನೆಗೆ ಸಿಕ್ಕ. "ಪೆನ್‌ಡ್ರೈವ್ ಸ್ವಚ್ಛ ಮಾಡಿ, ನಮ್ಮ ಫೋಟೋ ಎಲ್ಲಾ ತುಂಬಿಟ್ಟೀನ್ರಿ ಮೇಡಂ," ಎಂದ, ಹೆಮ್ಮೆಯಿಂದ. ಅಳಿಸಿದ ಜಾಗದ ಮೇಲೆಲ್ಲ ಫೋಟೋ ಕೂತಿದ್ದರಿಂದ ಅಳಿಸಿದ್ದನ್ನು ಮರಳಿ ತೆಗೆಯುವ ದಾರಿಯೂ ಮುಚ್ಚಿತು. ಈ ನೌಕರಿಯೇ ಸಾಕು ಅನ್ನಿಸಿತು.

ಉಳಿದದ್ದು ಒಂದೇ ದಾರಿ, ಮಗುವನ್ನೇ ಮಾನ್ವಿಗೆ ಕರೆಸಿ ಮತ್ತೆ ಪರೀಕ್ಷಿಸುವುದು. ರೇಣುಕಾಳ ಫೋನಿನಲ್ಲಿ ಹುಲಿಗೆಮ್ಮನಿಗೆ ಹೇಳಿದೆ. "ಗಾಡಿ ತಪ್ಪಿದ್ರ ಮೇಸ್ತ್ರಿ ಬೈತಾನ್ರಿ ಯವ್ವಾ," ಎಂದಳು. ಆಮೇಲೆ, "ಬೈದ್ರ ಬೈಲಿ. ಯಾವ ಬಸ್ಸು ಹತ್ತಬೇಕ್ರಿ?" ಎಂದು ಕೇಳಿದಳು.

ಹೊತ್ತು ಇಳಿಯುವಾಗ ತಾಯಿ, ಮಗಳು ಇಬ್ಬರೂ ರೇಣುಕಾ ಕೊಟ್ಟುಕಳಿಸಿದ ಶ್ರವಣಯಂತ್ರ ಹಿಡಿದು ಬಂದರು. ತಜ್ಞರು ಕಾದಿದ್ದು ಮಗುವನ್ನು ಒಳಗೆ ಕರೆದೊಯ್ದರು. ಹೊರಗೆ ಬೆಂಚಿನ ಮೇಲೆ ಕೂತು ಯೋಚಿಸಿದೆ: ಇಷ್ಟು ವರ್ಷ ನಾನು ಎಲ್ಲರನ್ನೂ ಕೇಳುತ್ತಿದ್ದುದು "ಓಪನ್ ಆಯಿತಾ?" ಎಂದು. "ಎಲ್ಲಿಂದ ಓಪನ್ ಮಾಡಿದಿರಿ?" ಎಂದು ಕೇಳಬೇಕೆನ್ನುವುದನ್ನು ಈ ವೃತ್ತಿ ನನಗೆ ಆ ಬೆಂಚಿನ ಮೇಲೆ ಕಲಿಸಿತು. ಹುಸೇನನಿಗೂ, ಫೋನಿನಲ್ಲಿ ರೇಣುಕಾಳಿಗೂ ಹೇಳಿದೆ, ಮೊದಲು ಕಾಪಿ ಮಾಡಿ, ಪೆನ್‌ಡ್ರೈವ್ ಕಿತ್ತಿಡಿ, ಆಮೇಲೆ ತೆರೆಯಿರಿ.

ತಜ್ಞರೇ ಹೊಸ ಅಳತೆಗೆ ಹೊಂದಿಸಿ ಯಂತ್ರ ಹಾಕಿದ ಮೇಲೆ ಹುಲಿಗೆಮ್ಮ ಮಗಳ ಬೆನ್ನ ಹಿಂದೆ ನಿಂತು ಮೆಲ್ಲಗೆ, "ದುರ್ಗಿ," ಎಂದಳು. ಮಗು ಗಕ್ಕನೆ ತಿರುಗಿತು. ಅಷ್ಟರಲ್ಲಿ ಗಾಡಿ ಹೊರಟುಹೋದ ಸುದ್ದಿ ಬಂತು. ರಾತ್ರಿ ಬಸ್ಸಿಗೆ ನಾನೇ ಟಿಕೆಟ್ ಮಾಡಿಸುತ್ತೇನೆ ಎಂದೆ.

"ನಾಳಿ ಹೋಗ್ತೀನ್ರಿ," ಎಂದಳು ಹುಲಿಗೆಮ್ಮ, ಮಗಳ ಮುಖದಿಂದ ಕಣ್ಣು ತೆಗೆಯದೆ. "ಇವತ್ತು ಈಕಿ ಕೂಡ ಮಾತಾಡೋದು ಭಾಳ ಅದ."