ಡಬ್ಬಿಯ ಮೇಲಿನ ಅಂಗೈ

ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ ಶಿವಬಸವ ನಗರದ ನಮ್ಮ ಮನೆಯಲ್ಲಿ ಸಂಗೀತ ಜ್ಞಾನ ಹಂಚಲಾಗುತ್ತಿತ್ತು. ಹಂಚುವವನು ನಾನೇ. ನಿವೃತ್ತ ಮೇಷ್ಟರು ನೋಡಿ, ಎದುರಿಗೆ ನಾಲ್ಕು ಜನ ಕೂತಿರದಿದ್ದರೆ ಅನ್ನ ಅರಗುವುದಿಲ್ಲ. ನನ್ನ ಸಂಗ್ರಹದಿಂದ ಒಂದು ರೆಕಾರ್ಡು ಆರಿಸಿ, ಹಚ್ಚುವ ಮೊದಲು ಇಪ್ಪತ್ತು ನಿಮಿಷ ಮಾತಾಡಿ, ಹಚ್ಚಿದ ಮೇಲೂ ಕಣ್ಣು ಮುಚ್ಚಿಕೊಂಡು ಮಾತಾಡುತ್ತಿದ್ದೆ. ನಾನು ಕಣ್ಣು ಮುಚ್ಚಿದಾಗ ಬೇರೆ ಯಾರೂ ಬಾಯಿ ತೆರೆಯಬಾರದೆಂಬುದು ನಿಯಮ. ಐದಾರು ಗೆಳೆಯರು ತಪ್ಪದೆ ಬರುತ್ತಿದ್ದರು. ಹೆಂಡತಿ ತಿನ್ನಲು ಸಿಹಿ ಕುಂದಾ ತರಿಸದ ವಾರ ಇಬ್ಬರೇ ಬಂದರು ಎಂಬುದು ಬೇರೆ ಮಾತು.

ಶಾಸ್ತ್ರೀಯ ಗಾಯನದ ರೆಕಾರ್ಡುಗಳು ಮೊದಲಿನಿಂದಲೂ ಇದ್ದವು. ಜಾಝ್ ಬಂದದ್ದು ಖಾನಾಪುರದಿಂದ. ಒಂದು ಕಾಲಕ್ಕೆ ಗೋವಾದ ಹೋಟೆಲುಗಳಲ್ಲಿ ಟ್ರಂಪೆಟ್ ಊದಿದ್ದ ಮುದುಕರೊಬ್ಬರು ಒಂದು ಟ್ರಂಕು ತುಂಬ ಪುಕ್ಕಟೆ ಕೊಟ್ಟರು.

"ಘ್ಯಾ, ತಗೊಂಡ ಹೋಗ್ರಿ ಸರ. ನನ್ನ ಕಿವಿ ಖಲಾಸ್ ಆಗ್ಯಾವ. ನಿಮ್ಮವು ಇರೂತನಾ ಕೇಳ್ರಿ."

ಅಯ್ಯೋ ಪಾಪ ಎಂದುಕೊಂಡೆ. ಬಸ್ಸು ಬೆಳಗಾವಿ ಮುಟ್ಟುವಷ್ಟರಲ್ಲಿ ಪಾಪ ಮರೆತು ಜಾಝ್ ಪಂಡಿತನಾಗಿದ್ದೆ. ಸ್ಯಾಕ್ಸೊಫೋನ್ ಎಂದರೆ ಕಫ ಕಟ್ಟಿದ ಶಹನಾಯಿ. ಜಾಝ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಟು, ಜಗಳಾಡಿ ಬೇರೆಯಾಗಿ, ಊಟದ ಹೊತ್ತಿಗೆ ಮನೆಗೆ ಬರುತ್ತಾರೆ. ನಮ್ಮ ವಿಲಂಬಿತದಲ್ಲಿ ಗಾಯಕರು ಮನೆ ಬಿಡುವುದೇ ಅರ್ಧ ಗಂಟೆಯ ಮೇಲೆ. ಇಂಥ ಅಮೂಲ್ಯ ಅನಿಸಿಕೆಗಳನ್ನು ಗೆಳೆಯರು "ವಾಹ್" ಎಂದು ಸ್ವೀಕರಿಸುತ್ತಿದ್ದರು.

ವಡಗಾವಿಯ ನೇಕಾರರೊಬ್ಬರು ಮಾತ್ರ ಏನೂ ಅನ್ನುತ್ತಿರಲಿಲ್ಲ. ನಲವತ್ತು ವರ್ಷದ ಮಗ್ಗದ ಸದ್ದು ಅವರ ಕಿವಿಯನ್ನು ಮುಕ್ಕಾಲು ತಿಂದಿತ್ತು. ಸ್ಪೀಕರ್ ಡಬ್ಬಿಗೆ ಅಂಟಿ ಕೂತು, ಅದರ ಮೇಲೆ ಅಂಗೈ ಇಟ್ಟುಕೊಂಡಿರುತ್ತಿದ್ದರು. ಕೋಣನ ಮುಂದೆ ಕಿನ್ನರಿ ಎಂದು ಹೆಂಡತಿಯ ಹತ್ತಿರ ನಕ್ಕಿದ್ದೆ.

ನಗುವಾಗ ನನಗೊಂದು ಗುಟ್ಟು ಗೊತ್ತಿತ್ತು. ಒಂದು ವರ್ಷದಿಂದ ಗಾಯನದ ಹಿಂದಿನ ತಂಬೂರಿ ನನಗೆ ಕೇಳುತ್ತಿರಲಿಲ್ಲ. ಆಮೇಲೆ ಜಾಝ್‌ನ ಕಂಚಿನ ತಾಳ ಹೋಯಿತು. ಯಾರಿಗೂ ಹೇಳಲಿಲ್ಲ. ಕಿವಿ ಹೋದ ಪಂಡಿತನ ಮನೆಗೆ ಯಾರು ಬರುತ್ತಾರೆ? ಆ ಹೆದರಿಕೆಗೆ ಪ್ರತಿ ವಾರ ಸದ್ದು ಹೆಚ್ಚಿಸುತ್ತ ಹೋದೆ, ಮಷೀನು ಹಳೆಯದಾಯಿತು ಎಂದು ಬೈಯುತ್ತ.

"ಓಣಿ ಮಂದಿಗೆಲ್ಲಾ ಕೇಳಸಾಕತ್ತೈತಿ, ನಿಮಗಷ್ಟ ಕೇಳವಲ್ದೇನು?" ಎಂದಳು ಹೆಂಡತಿ ಒಂದು ರವಿವಾರ, ಗೆಳೆಯರ ಎದುರಿಗೇ.

ಮಾನ ಉಳಿಸಿಕೊಳ್ಳಲು ಸದ್ದು ಅರ್ಧಕ್ಕೆ ಇಳಿಸಿದೆ. ಹೆಚ್ಚುಕಡಿಮೆ ಏನೂ ಕೇಳಲಿಲ್ಲ. ಆದರೆ ರೆಕಾರ್ಡು ಬಾಯಿಪಾಠವಿತ್ತಲ್ಲ, ಕಣ್ಣು ಮುಚ್ಚಿ ಶುರುಮಾಡಿದೆ. "ಈಗ ಪಿಯಾನೊ ಒಂದೇ ಉಳಿಯುತ್ತದೆ... ಕೇಳಿ, ಎಷ್ಟು ಮೆಲ್ಲಗೆ..." ಯಾರೋ "ವಾಹ್" ಎಂದಿರಬೇಕು, ಅದು ಹೇಗೋ ಕೇಳಿತು. ಹುರುಪು ಬಂದು ಮುಂದುವರಿಸಿದೆ.

ಯಾರೋ ನನ್ನ ಮೊಣಕಾಲು ತಟ್ಟಿದರು. ನಿಯಮ ಮುರಿದವರು ಯಾರೆಂದು ಸಿಟ್ಟಿನಿಂದ ಕಣ್ಣು ತೆರೆದರೆ, ನೇಕಾರರು.

"ಬೈಬ್ಯಾಡ್ರಿ ಸರ," ಎಂದರು ಕಿವಿಯ ಹತ್ತಿರ ಬಂದು. "ಕರೆಂಟ ಹೋಗಿ ಭಾಳ ಹೊತ್ತಾತ್ರಿ. ಡಬ್ಬಿ ಸುಮ್ನ ಐತಿ."

ರೆಕಾರ್ಡು ಅಲುಗಾಡದೆ ಕೂತಿತ್ತು. ಕಿವಿ ನೆಟ್ಟಗಿದ್ದ ನನ್ನ ರಸಿಕ ಗೆಳೆಯರೆಲ್ಲ ಚಹಾದ ಬಸಿಯೊಳಗೆ ಏನೋ ಹುಡುಕುತ್ತಿದ್ದರು. ಅವರಿಗೆಲ್ಲ ಗೊತ್ತಿತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಕರೆಂಟು ಬಂದು ರೆಕಾರ್ಡು ತಿರುಗತೊಡಗಿತು. ನೇಕಾರರು ನನ್ನ ಒಪ್ಪಿಗೆ ಕೇಳದೆಯೇ ನನ್ನನ್ನು ಕೆಳಗೆ ಕೂರಿಸಿ, ನನ್ನ ಕೈ ಹಿಡಿದು ಡಬ್ಬಿಯ ಮೇಲೆ ಒತ್ತಿದರು. "ಇಲ್ಲಿ ಇಡ್ರಿ ಸರ. ನಾ ಮೊದಲಿನಿಂದ ಹಿಂಗ ಕೇಳತೇನಿ."

ಅಂಗೈಯೊಳಗೆ ಡ್ರಮ್ಮು ನಡೆಯಿತು, ಅದರ ಹಿಂದೆ ಬೇಸ್ ವಾದ್ಯದ ದಪ್ಪ ತಂತಿ. ನನಗೆ ಅಳು ಬಂತು. ಕಣ್ಣು ಮುಚ್ಚಿಕೊಂಡೆ. ನಿಯಮದಂತೆ ಯಾರೂ ಮಾತಾಡಲಿಲ್ಲ. ಅಂದು ಮೊದಲ ಸಲ ನಾನೂ ಮಾತಾಡಲಿಲ್ಲ.