ಸಾವಂತ್ರೆವ್ವ ಮಿಸ್ತ್ರಿ ಆರಿಸಿದ ಬ್ಯಾಟರಿ ಡ್ರಿಲ್

ಗೋವಾದ ಪಾಲೋಲೆಂ ಕಡಲತೀರದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮೀನುಗಾರರು ದೋಣಿಯನ್ನು ಮರಳ ಮೇಲೆ ಎಳೆಯುತ್ತಿದ್ದಾರೆ. ತೆಂಗಿನ ಮರಗಳ ಕೆಳಗೆ ಅರ್ಧ ಕಟ್ಟಿದ ಮರದ ಗುಡಿಸಲುಗಳ ಸಾಲು. ಅವುಗಳಲ್ಲೊಂದರ ಛಾವಣಿಯ ತೊಲೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಾರೆ. ಕಚ್ಚೆ ಹಾಕಿದ ಸೀರೆ, ಮೇಲೊಂದು ಗಂಡಸರ ಅಂಗಿ, ತುಟಿಗಳ ನಡುವೆ ನಾಲ್ಕೈದು ಸ್ಕ್ರೂ, ಬಲಗೈಯಲ್ಲಿ ಬ್ಯಾಟರಿ ಡ್ರಿಲ್.

ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡು, ಮಾತಾಡಿಸಲು ಬಂದ ನನಗೆ ಮೇಲಿಂದಲೇ ಕೂಗಿ ಹೇಳುತ್ತಾರೆ: “ಅಲ್ಲೇ ನಿಲ್ರಿ ಸರ, ತಲಿ ಮ್ಯಾಲ ಏನರ ಬಿದ್ದೀತು. ಇದೊಂದು ಸಾಲು ಮುಗಿಸಿ ಇಳೀತೀನಿ.”

ಇವರು ಸಾವಂತ್ರೆವ್ವ. ವಿಜಾಪುರ ಜಿಲ್ಲೆಯ ಸಿಂದಗಿ ಕಡೆಯವರು. ವಯಸ್ಸು ನಲವತ್ತರ ಆಸುಪಾಸು, ಗೋವಾಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ಪ್ರವಾಸಿಗರು ತಂಗುವ ಈ ಗುಡಿಸಲುಗಳನ್ನು ಮಳೆಗಾಲಕ್ಕೆ ಮುಂಚೆ ಬಿಚ್ಚಿಡಬೇಕು, ಅಕ್ಟೋಬರ್‌ನಲ್ಲಿ ಮತ್ತೆ ಕಟ್ಟಬೇಕು. ಆ ಕೆಲಸ ಇವರ ತಂಡದ್ದು. ನಾಲ್ಕು ಜನ ಸೇರಿದರೆ ಎರಡು ದಿನಕ್ಕೊಂದು ಗುಡಿಸಲು ಏಳುತ್ತದೆ. ಒಂದೊಂದಕ್ಕೂ ಮುನ್ನೂರಕ್ಕೂ ಹೆಚ್ಚು ಸ್ಕ್ರೂ ಬೇಕು. ದಡದಲ್ಲಿ ಆಗಿನ್ನೂ ಕರೆಂಟು ಇರುವುದಿಲ್ಲ. ಹಾಗಾಗಿ ಕೆಲಸವೆಲ್ಲ ಬ್ಯಾಟರಿಯ ಮೇಲೆಯೇ ನಡೆಯಬೇಕು.

ಮೊದಲು ಈ ಕೆಲಸ ಗಂಡ ದೇವಲಪ್ಪನವರದಾಗಿತ್ತು. ಸಾವಂತ್ರೆವ್ವ ಕೆಳಗಿನಿಂದ ಹಲಗೆ ಹೊತ್ತು ಕೊಡುತ್ತಿದ್ದರು. ವೆರ್ಣಾದಲ್ಲಿ ಒಂದು ಶೆಡ್ಡಿನ ಕೆಲಸಕ್ಕೆ ಹೋದಾಗ ದೇವಲಪ್ಪ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡರು. ಮತ್ತೆ ಏಣಿ ಹತ್ತಲಾಗಲಿಲ್ಲ.

“ಹೆಣ್ಮಗಳು ಮ್ಯಾಲ ಹತ್ತತಾಳಂದ್ರ ಮಂದಿ ನಕ್ಕರ್ರಿ. ನಗಲಿ ಅಂದೆ. ಸ್ಕ್ರೂಡ್ರೈವರ್ ತಿರುವಿ ತಿರುವಿ ಅಂಗೈ ಕಿತ್ತು ಹೋದ್ವು. ರಾತ್ರಿ ರೊಟ್ಟಿ ಬಡಿಯಾಕ ಆಗ್ತಿದ್ದಿಲ್ಲ. ಇವರ ಕುಂತು ಬಡಿಯಾಕ ಕಲತ್ರು” ಎನ್ನುತ್ತ ಕೆಳಗಿಳಿದು ಬಂದ ಸಾವಂತ್ರೆವ್ವ ಗಂಡನ ಕಡೆ ನೋಡುತ್ತಾರೆ. ದೇವಲಪ್ಪ ತೆಂಗಿನ ಬುಡದಲ್ಲಿ ಕೂತು ಉಳಿ ಮಸೆಯುತ್ತಿದ್ದಾರೆ. ಬಾಡಿಗೆ ಕೋಣೆಯಲ್ಲಿ ಬ್ಯಾಟರಿ ಚಾರ್ಜ್ ಮಾಡಿ ತಂದುಕೊಡುವ ಹೊಣೆಯೂ ಅವರದೇ.

2008ರಲ್ಲಿ ಮಡಗಾಂವದಿಂದ ಮೊದಲ ಬ್ಯಾಟರಿ ಡ್ರಿಲ್ ಬಂತು. ಅಗ್ಗದ್ದು. ಕೆಂಪು ಬಣ್ಣ, ದೊಡ್ಡ ಪೆಟ್ಟಿಗೆ, ಅದರ ತುಂಬ ಡ್ರಿಲ್ಲಿನ ಮೂತಿಗೆ ಸಿಕ್ಕಿಸುವ ಹತ್ತಾರು ಬಿಟ್‌ಗಳು. ಒಂದು ಸೀಜನ್ ಚೆನ್ನಾಗಿಯೇ ಓಡಿತು. ಮರುವರ್ಷ ಬ್ಯಾಟರಿ ಬೆಳಗಿನ ಚಹಾ ಹೊತ್ತಿಗೇ ಸೋಲತೊಡಗಿತು. ಬಿಟ್ ಹಿಡಿಯುವ ಬಾಯಿ ಸಡಿಲಾಗಿ, ಬಿಟ್ ಜಾರಿ ಮರಳಿಗೆ ಬೀಳತೊಡಗಿತು. ಸಪ್ಪಳಕ್ಕೇನೂ ಕಡಿಮೆಯಿರಲಿಲ್ಲ.

ಆ ಅಕ್ಟೋಬರ್‌ನಲ್ಲಿ ಕಾಯ್ತಾನ್ ಎಂಬ ಮಾಲೀಕರ ಗುಡಿಸಲುಗಳು ಮುಗಿಯುತ್ತ ಬಂದಿದ್ದವು. ಗಿರಾಕಿಗಳು ಬರಲು ಮೂರೇ ದಿನ. ಯಾಕೋ ಅನುಮಾನ ಬಂದು ಸಾವಂತ್ರೆವ್ವ ಛಾವಣಿ ಹತ್ತಿ, ಹಾಕಿದ್ದ ಸ್ಕ್ರೂ ಒಂದನ್ನು ಕೈಯಿಂದ ತಿರುವಿ ನೋಡಿದರು. ಅದು ಮತ್ತೆರಡು ಸುತ್ತು ಒಳಗೆ ಹೋಯಿತು. ಪಕ್ಕದ್ದೂ ಹಾಗೆಯೇ. ಮಷಿನ್ ಗಿರಗಿರ ತಿರುಗಿತ್ತೇ ಹೊರತು ಗಟ್ಟಿ ಮರದೊಳಗೆ ಸ್ಕ್ರೂ ಪೂರ್ತಿ ಇಳಿದಿರಲಿಲ್ಲ.

ತಂಡದಲ್ಲಿದ್ದ ಮೈದುನ ಖೀರಪ್ಪ, “ಮ್ಯಾಲ ಪೇಂಟ್ ಹೊಡದು ಬಿಡೂಣು ವೈನಿ, ಯಾರು ಹತ್ತಿ ನೋಡ್ತಾರ?” ಎಂದ.

“ಗಾಳಿ ಪೇಂಟ್ ನೋಡಂಗಿಲ್ಲಪಾ” ಎಂದು ಸಾವಂತ್ರೆವ್ವ ಕೆಳಗಿಳಿದವರೇ ಕಾಯ್ತಾನ್ ಬಳಿಗೆ ಹೋದರು. ಛಾವಣಿಗಳನ್ನೆಲ್ಲ ಮತ್ತೆ ಬಿಗಿಯಬೇಕು, ಒಂದು ದಿನ ಕೆಲಸ ನಿಲ್ಲುತ್ತದೆ ಎಂದರು. ಕಾಯ್ತಾನ್ ಕೊಂಕಣಿಯಲ್ಲಿ ಚೆನ್ನಾಗಿ ಬೈದರು. ಮುಂದಿನ ವರ್ಷ ಬೇರೆ ತಂಡ ನೋಡುತ್ತೇನೆ ಎಂದೂ ಹೇಳಿದರು.

“ಇಡೀ ದಂಡಿಯೊಳಗ ದೊಡ್ಡ ಕೆಲಸ ಅವರದ. ಆದ್ರ ಒಳಗ ಮಲಗೂ ಮಂದಿಗೆ ಏನ ಗೊತ್ತು, ಮ್ಯಾಲಿನ ಸ್ಕ್ರೂ ಸಡ್ಲ ಅದಾವಂತ?”

ಮರುದಿನ ಮೊದಲ ಬಸ್ಸಿಗೆ ಅತ್ತಿಗೆ, ಮೈದುನ ಇಬ್ಬರೂ ಮಡಗಾಂವಕ್ಕೆ ಹೊರಟರು. ಸಾವಂತ್ರೆವ್ವನ ಕಂಕುಳಲ್ಲಿ ಗುಡಿಸಲ ತೊಲೆಯಿಂದ ಕೊಯ್ದ ಮರದ ತುಂಡು. ಅಂಗಡಿಯವರು ಎರಡು ಡ್ರಿಲ್ ಮುಂದಿಟ್ಟರು. ಒಂದು ಹಳೆಯದರಂಥದೇ, ಹೊಸ ಬಣ್ಣದ್ದು. ಇನ್ನೊಂದು ಸಣ್ಣದು, ಪೆಟ್ಟಿಗೆಯಲ್ಲಿ ಬಿಟ್‌ಗಳೂ ಇಲ್ಲ, ಬೆಲೆ ಮಾತ್ರ ನಾಲ್ಕು ಪಟ್ಟು.

“ಇದರ ರೊಕ್ಕದಾಗ ಅಂಥವು ನಾಕು ಬರ್ತಾವು” ಎಂದು ಖೀರಪ್ಪ ಪಿಸುಗುಟ್ಟಿದ.

“ನಾಕೂ ಕೂಡಿ ಒಂದು ಸ್ಕ್ರೂ ಹಾಕ್ತಾವೇನು?”

ಮರದ ತುಂಡನ್ನು ಮೇಜಿನ ಮೇಲಿಟ್ಟು, ಇದಕ್ಕೇ ಸ್ಕ್ರೂ ಹಾಕಿ ನೋಡಬೇಕು ಎಂದರು. ಅಂಗಡಿಯವರಿಗೂ ಕುತೂಹಲವಾಗಿ ಬ್ಯಾಟರಿ ಸಿಕ್ಕಿಸಿಕೊಟ್ಟರು. ಅಗ್ಗದ್ದು ಗಾಳಿಯಲ್ಲಿ ಭರ್ರೆಂದು ತಿರುಗಿತು. ಮರಕ್ಕೆ ಒತ್ತಿದ ಮೇಲೆ ಮೂರನೆಯ ಸ್ಕ್ರೂಗೇ ಮುಲುಗಿ ನಿಂತಿತು, ಹಿಡಿ ಬೆಚ್ಚಗಾಯಿತು. ಬಿಟ್ ಜಾರಿ ಸ್ಕ್ರೂವಿನ ತಲೆ ಕೆತ್ತಿ ಹೋಯಿತು. ದುಬಾರಿಯದು ಅವಸರವಿಲ್ಲದೆ ಒಂದಾದ ಮೇಲೊಂದು ಸ್ಕ್ರೂವನ್ನು ಮರದ ಮಟ್ಟಕ್ಕೆ ಇಳಿಸಿ, ಬಿಗಿಯಾದದ್ದೇ ಟಕ್ಕೆಂದು ತಾನೇ ನಿಂತಿತು.

ಸಾವಂತ್ರೆವ್ವ ಅಷ್ಟಕ್ಕೇ ಒಪ್ಪಲಿಲ್ಲ. ಡ್ರಿಲ್ ಹಿಡಿದು ಕೈಯನ್ನು ತಲೆಗಿಂತ ಮೇಲೆತ್ತಿ ಸ್ವಲ್ಪ ಹೊತ್ತು ನಿಂತು ಭಾರ ನೋಡಿದರು. ಎರಡು ವರ್ಷದ ಮೇಲೂ ಇದೇ ಬ್ಯಾಟರಿ ಸಿಗುತ್ತದೆಯೇ, ಕೆಟ್ಟರೆ ಗೋವಾದಲ್ಲೇ ರಿಪೇರಿ ಆಗುತ್ತದೆಯೇ ಎಂದು ಕೇಳಿದರು. ದುಬಾರಿಯದಕ್ಕೆ ಎರಡಕ್ಕೂ ಹೌದು ಎಂಬ ಉತ್ತರ ಬಂತು. ಅಗ್ಗದ್ದರ ಬಗ್ಗೆ ಅಂಗಡಿಯವರು ಪ್ರಾಮಾಣಿಕವಾಗಿ ಇಲ್ಲವೆಂದು ತಲೆ ಅಲ್ಲಾಡಿಸಿದರು. ದೀಪಾವಳಿಗೆ ಟಿವಿ ತರಲೆಂದು ಕೂಡಿಸಿದ್ದ ಹಣ ಸಣ್ಣ ಡ್ರಿಲ್ಲಿಗೆ ಹೋಯಿತು.

“ಟಿವಿ ಹೋತಂತ ಇವರು ಎರಡು ದಿನ ಮಾತಾಡ್ಲಿಲ್ಲ” ಎಂದು ನಗುತ್ತಾರೆ. ದೇವಲಪ್ಪ ಉಳಿಯಿಂದ ಕಣ್ಣೆತ್ತದೆ, “ಒಂದ ದಿನ” ಎಂದು ತಿದ್ದುತ್ತಾರೆ.

ಹಗಲಿಡೀ ದುಡಿದು ತಂಡ ಛಾವಣಿಗಳನ್ನೆಲ್ಲ ಮರುಬಿಗಿಯಿತು. ಗಿರಾಕಿಗಳು ಬರುವ ದಿನ ಬೆಳಿಗ್ಗೆ ಕೊನೆಯ ಸ್ಕ್ರೂ ಕೂತಿತು. ಕಾಯ್ತಾನ್ ಕೂಲಿ ಕೊಟ್ಟು ಹೊರಟುಹೋದರು.

ನವೆಂಬರ್‌ನಲ್ಲಿ ಒಂದು ಮಧ್ಯಾಹ್ನ ಯಾರೂ ಎಣಿಸದ ಗಾಳಿಮಳೆ ಕಡಲಿನಿಂದ ಎದ್ದು ಬಂತು. ಸಾವಂತ್ರೆವ್ವ ಕೋಣೆಯಿಂದ ದಡಕ್ಕೆ ಓಡಿದರು. ದಡದ ಕೆಲವು ಛಾವಣಿಗಳು ಕಿತ್ತು ತೆಂಗಿನ ಮರಗಳಿಗೆ ಬಡಿದಿದ್ದವು. ಕಾಯ್ತಾನ್ ಅವರ ಗುಡಿಸಲುಗಳ ಮೇಲಿನ ತೆಂಗಿನ ಗರಿಗಳೂ ಹಾರಿಹೋಗಿದ್ದವು. ಆದರೆ ಗರಿಗಳ ಕೆಳಗಿನ ತೊಲೆ, ಹಲಗೆ ಒಂದೂ ಅಲುಗಿರಲಿಲ್ಲ. ಕೊನೆಯ ಗುಡಿಸಲ ಬಾಗಿಲು ತೆರೆದರೆ ಒಬ್ಬ ವಿದೇಶಿ ತಾಯಿ ಮಗುವನ್ನು ಅವುಚಿಕೊಂಡು ಮಂಚದ ಮೇಲೆ ಕೂತಿದ್ದಳು. ಮಗುವಿನ ಕೂದಲು ಕೂಡ ತೊಯ್ದಿರಲಿಲ್ಲ.

“ನಾ ಅಲ್ಲೇ ಹೊಸ್ತಿಲದಾಗ ಕುಂತ್ಬಿಟ್ಟೆರಿ. ಕಾಯ್ತಾನ್ ಸಾಹೇಬ್ರು ಬಂದ್ರು. ಬೈತಾರೇನೋ ಅನ್ಕೊಂಡೆ. ‘ಮಿಸ್ತ್ರಿ, ಚಾ ಕುಡಿ ಬಾ’ ಅಂದ್ರು. ಅಲ್ಲೀತನಾ ಕೂಲಿ ಹೆಣ್ಮಕ್ಕಳನ್ನ ಕರದಂಗ ನನ್ನೂ ‘ಏ ಬಾಯಿ’ ಅಂತಿದ್ರು.”

ಎರಡು ವರ್ಷವಾಯಿತು. ಕಾಯ್ತಾನ್ ಬೇರೆ ತಂಡ ಹುಡುಕಲಿಲ್ಲ. ಅಕ್ಕಪಕ್ಕದ ಮಾಲೀಕರೂ ಈಗ ಇವರನ್ನೇ ಕರೆಯುತ್ತಾರೆ. ಸಣ್ಣ ಡ್ರಿಲ್ ಇನ್ನೂ ಓಡುತ್ತಿದೆ. ಬ್ಯಾಟರಿ ಒಮ್ಮೆ ಬದಲಾಗಿದೆ ಅಷ್ಟೆ. ತಂಡಕ್ಕೆ ಹೊಸಬಳಾಗಿ ರಂಜನಾ ಸೇರಿದ್ದಾಳೆ. ಇದೇ ದಡದಲ್ಲಿ ಪ್ರವಾಸಿಗರಿಗೆ ಮಣಿಸರ ಮಾರುತ್ತಿದ್ದ ಲಂಬಾಣಿ ಹೆಣ್ಣುಮಗಳು. ಈಗ ಗೋಡೆಯ ಹಲಗೆಗಳನ್ನೆಲ್ಲ ಅವಳೇ ಕೂರಿಸುತ್ತಾಳೆ.

ಮುಂದೇನು ಆಸೆ ಎಂದು ಕೇಳುತ್ತೇನೆ. ಸಾವಂತ್ರೆವ್ವ ಅಂಗಿಯ ತೋಳಿನಿಂದ ಹಣೆ ಒರೆಸಿಕೊಳ್ಳುತ್ತಾರೆ.

“ಮುಂದಿನ ಸೀಜನ್‌ಕ ಇನ್ನೊಂದು ಮಷಿನ್ ತರೂದೈತ್ರಿ. ರಂಜನಾನ ಸಲುವಾಗಿ.”

“ಆರಿಸುವುದು ನೀವೇ ತಾನೇ?”

“ಇಲ್ರಿ. ಅಂಗಡಿಗೆ ಆಕಿ ಒಬ್ಬಾಕಿನ ಹೋಗ್ಲಿ. ನಾ ಬಸ್ ಸ್ಟ್ಯಾಂಡಿನ್ಯಾಗ ಚಾ ಕುಡಕೋತ ಕುಂತಿರ್ತೀನಿ.”