ಚಾ ಸುದ್ದಾ ಮುಟ್ಟಂಗಿಲ್ರಿ

ನಮ್ಮ ಮನೆಯಲ್ಲಿ ಕುಡಿತ ಎಂಬ ಶಬ್ದವನ್ನು ಯಾರೂ ಬಳಸುತ್ತಿರಲಿಲ್ಲ. ಅದಕ್ಕೆ ದಣಿವು ಎನ್ನುತ್ತಿದ್ದರು. ಅಣ್ಣ ಸಂತೆಯಲ್ಲಿ ಕುರಿ ಮಾರಿ ಬಂದು ಚಪ್ಪಲಿ ಸಮೇತ ಕಟ್ಟೆಯ ಮೇಲೆ ಬಿದ್ದುಕೊಂಡಿದ್ದರೆ, ಅತ್ತಿಗೆ ಅವನ ಮೇಲೆ ಕಂಬಳಿ ಎಳೆಯುತ್ತ "ಇವತ್ತು ದಣಿವು ಬಾಳ ಆಗ್ಯಾದ" ಅನ್ನುವಳು. ಅವನು ಎಲ್ಲಿ ಕುಡಿಯುತ್ತಾನೆ, ಯಾರ ಜೊತೆ ಕುಡಿಯುತ್ತಾನೆ ಎಂಬುದು ದೇವದುರ್ಗದ ನಾಯಿಗಳಿಗೂ ಗೊತ್ತಿತ್ತು. ಆದರೂ ದಣಿವು. ನಾನು ರಾಯಚೂರಿನಲ್ಲಿ ಹೈಸ್ಕೂಲು ಟೀಚರು. ಊರಿಗೆ ಹೋದಾಗಲೆಲ್ಲ, ಕುಡಿತಕ್ಕೆ ಕುಡಿತ ಎನ್ನಿ ಎಂದು ಜಗಳ ತೆಗೆಯುತ್ತಿದ್ದೆ. "ನಾಲಿಗಿ ಸ್ವಲ್ಪ ಹಿಡಿ ಬೇ, ಮನ್ಯಾಗ ಹೆಣ್ಣು ಮಗಳು ಬೆಳದು ನಿಂತಾಳ" ಎಂದು ಅತ್ತಿಗೆ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಕೊರೊನಾ ಬರುವ ಸ್ವಲ್ಪ ಮೊದಲು ಆ ಮಗಳಿಗೆ ಮಾನ್ವಿಯ ಸಂಬಂಧ ಗೊತ್ತಾಯಿತು. ನಮ್ಮಲ್ಲಿ ನಿಶ್ಚಯದ ಸಕ್ಕರೆ ಹಂಚುವ ಮುಂಚೆ ಹಿರಿಯರು ಒಂದು ಮಾತು ಕೇಳಲೇಬೇಕು: ನಿಮ್ಮ ಕಡೆ ಯಾರಿಗಾದರೂ ಚಟ ಉಂಟೋ ಎಂದು. ಗಂಡಿನ ಅಪ್ಪ ಕೇಳಿದರು. ನಮ್ಮವರು "ಚಾ ಸುದ್ದಾ ಮುಟ್ಟಂಗಿಲ್ರಿ" ಎಂದರು. ನಮ್ಮವರು ತಿರುಗಿ ಕೇಳಿದರು. ಅವರೂ ಅದನ್ನೇ ಅಂದರು. ಸಕ್ಕರೆ ಹಂಚಿ ಮುಗಿಸಿದರು. ನಾನು ಅಲ್ಲಿರಲಿಲ್ಲ. ಪರೀಕ್ಷೆಯ ಕೆಲಸವಿತ್ತು ನಿಜ, ಆದರೆ ಬಾ ಎಂದು ಯಾರೂ ಒತ್ತಾಯ ಮಾಡಲೂ ಇಲ್ಲ. ನನ್ನ ಬಾಯಿಯ ಬಗ್ಗೆ ಅವರಿಗೆ ಅಷ್ಟು ಭರವಸೆ.

ಆಮೇಲೆ ಲಾಕ್‌ಡೌನ್ ಬಂತು, ಬ್ರಾಂದಿ ಅಂಗಡಿಗಳು ಮುಚ್ಚಿದವು. ಅಣ್ಣ ಮೇವಿನ ಬಣವೆಯಲ್ಲಿ ಬಚ್ಚಿಟ್ಟಿದ್ದ ಬಾಟಲಿಗಳಲ್ಲಿ ಸ್ವಲ್ಪ ದಿನ ತಳ್ಳಿದ. ಅವೂ ತೀರಿದ ಮೇಲೆ ಕೈ ನಡುಗಲು ಶುರುವಾಯಿತು, ಅನ್ನದ ತುತ್ತು ಬಾಯಿಗೆ ಮುಟ್ಟುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಂಗಳದಲ್ಲೇ ಮೈ ಸೆಟೆದು ಬಿದ್ದ, ಬಾಯಲ್ಲಿ ನೊರೆ ಬಂತು. ಓಣಿಯವರು ಕೊರೊನಾ ಎಂದು ಬಾಗಿಲು ಹಾಕಿಕೊಂಡರು. ಅದೇ ಹೊತ್ತಿಗೆ ಮಾನ್ವಿಯ ಬೀಗರು, ಗಂಡಿನ ಅಪ್ಪ, ಅಕ್ಕಿ ಗಾಡಿ ತೆಗೆದುಕೊಂಡು ದೇವದುರ್ಗಕ್ಕೆ ಬಂದಿದ್ದರು. ಗಾಡಿಗೆ ಪಾಸ್ ಇತ್ತು. ಪಾಪ, ಒಳ್ಳೆಯ ಮನುಷ್ಯ. ಖಾಲಿ ಚೀಲಗಳ ಮೇಲೆ ಅಣ್ಣನನ್ನು ಮಲಗಿಸಿ, ಅತ್ತಿಗೆಯನ್ನೂ ಅಣ್ಣನ ಮಗಳನ್ನೂ ಹತ್ತಿಸಿಕೊಂಡು ರಾಯಚೂರಿನ ಆಸ್ಪತ್ರೆಗೆ ತಂದು ಸೇರಿಸಿದರು.

ದಾರಿಯಲ್ಲಿ ಪೊಲೀಸರಿಗೆ ಉತ್ತರ ಹೇಳುತ್ತ ಹೇಳುತ್ತ ನಾನು ಅಲ್ಲಿಗೆ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಅಣ್ಣನ ಮಗಳು ಹೊರಗಿನ ಬೇವಿನ ಮರದ ಕೆಳಗೆ ಕೂತಿದ್ದಳು.

"ಅಪ್ಪ ಎಲ್ಲಿ?"

"ಕೊರೊನಾ ಅನುಮಾನದ ವಾರ್ಡಿನ್ಯಾಗ ಹಾಕ್ಯಾರ ಅತ್ತಿ. ಮೈ ಕಾದಿತ್ತು, ಬೆವರಾಕತ್ತಿದ್ದ. ಮೂಗಿನ್ಯಾಗಿಂದ ಟೆಸ್ಟಿಗೆ ತಗೊಂಡಾರ. ರಿಪೋರ್ಟ್ ಬರೋತನ ಕಾಯ್ರಿ ಅಂದ್ರು."

"ಕುಡಿಯೋದು ಹೇಳೀರಿಲ್ಲೋ?"

ಅವಳು ತಲೆ ತಗ್ಗಿಸಿದಳು. "ಡಾಕ್ಟರ್ ಕೇಳಿದ್ರು. ಮಾನ್ವಿ ಮಾಮಾ ಬಾಜೂನ ನಿಂತಿದ್ರು. ಅವ್ವ ಚಾ ಸುದ್ದಾ ಮುಟ್ಟಂಗಿಲ್ರಿ ಅಂದ್ಳು."

ನನಗೆ ಸಿಟ್ಟು ನೆತ್ತಿಗೇರಿತು. ಕಿಟಕಿಯ ಹತ್ತಿರ ಹೋಗಿ ನೋಡಿದೆ. ಅಣ್ಣ ಮಂಚದ ಮೇಲೆ ಮೊಣಕಾಲೂರಿ, ಹೊದಿಕೆಯ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ತೆಗೆಯುತ್ತಿದ್ದ. ಹಣೆಯ ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. "ಹುರ್‌ರ್... ಏ, ತೊಗರಿ ಹೊಲಕ್ಕ ಹೊಂಟಾವ ನೋಡಲೇ, ತಿರುವ್ರಲೇ!" ಎಂದು ಇಲ್ಲದ ಕುರಿಗಳನ್ನು ಕೂಗಿ ಕರೆಯುತ್ತಿದ್ದ. ಪಕ್ಕದ ಮಂಚದಲ್ಲಿ ಕೆಮ್ಮುತ್ತ ಮಲಗಿದ್ದ ಮುದುಕ "ಎಲ್ಲಾ ತಿರುವೀನಿ, ನೀ ಮಕ್ಕೋ ಯಪ್ಪಾ" ಎಂದು ಸಮಾಧಾನ ಮಾಡುತ್ತಿದ್ದ. ನಗು ಬಂತು, ಬಂದ ಹಾಗೇ ಹೋಯಿತು. ನಮ್ಮ ಶಾಲೆಯ ಜವಾನನೊಬ್ಬ ಹೀಗೇ ಕುಡಿತ ನಿಂತು, ಹೀಗೇ ಗಾಳಿಯಲ್ಲಿ ಕೈಯಾಡಿಸುತ್ತ ಸತ್ತದ್ದನ್ನು ನಾನು ಕಂಡಿದ್ದೆ. ಅಣ್ಣನೂ ಹಾಗೇ ಹೋಗುತ್ತಾನೆ ಎಂದು ಡಾಕ್ಟರನ್ನು ಹುಡುಕಿಕೊಂಡು ಓಡಿದೆ.

ಡಾಕ್ಟರು ವಾರ್ಡಿನ ಬಾಗಿಲಲ್ಲಿದ್ದರು. ಮೈತುಂಬ ಪ್ಲಾಸ್ಟಿಕ್ಕಿನ ಉಡುಪು, ಕಣ್ಣುಗಳಷ್ಟೇ ಕಾಣುತ್ತಿದ್ದವು. ಅತ್ತಿಗೆ ಮತ್ತು ಬೀಗರು ಅಲ್ಲೇ ಗೋಡೆಗೆ ಒರಗಿ ನಿಂತಿದ್ದರು. ನಾನು ಬಾಯಿ ತೆರೆಯುವುದು ಅತ್ತಿಗೆಗೆ ತಿಳಿಯಿತೆಂದು ಕಾಣುತ್ತದೆ, ಸೆರಗು ಹಿಡಿದು ಎಳೆದಳು.

"ಯವ್ವಾ, ಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ. ಬೀಗರದಾರ."

"ಬೀಗರು ಇರ್ಲಿ. ಅಣ್ಣ ಇರಬೇಕೋ ಬ್ಯಾಡೋ?" ಎಂದೆ. ಡಾಕ್ಟರ ಕಡೆ ತಿರುಗಿ ಜೋರಾಗಿಯೇ ಹೇಳಿದೆ. "ನಮ್ಮಣ್ಣ ಕುಡಿತಾನ್ರಿ. ದಿನಾ ಕುಡಿತಾನ. ಅಂಗಡಿ ಮುಚ್ಚಿದ್ದಕ್ಕ ಹಿಂಗಾಗ್ಯಾದ."

"ಬೆಳಿಗ್ಗೆಯೇ ಕೇಳಿದೆನಲ್ಲಮ್ಮಾ!" ಡಾಕ್ಟರು ಅತ್ತಿಗೆಯ ಮೇಲೆ ರೇಗಿದರು. "ನಾಲ್ಕು ಸಲ ಕೇಳಿದೆ. ಜೀವ ಹೋಗೋ ವಿಷಯ ಇದು. ಕೊನೆಗೆ ಕುಡಿದದ್ದು ಯಾವಾಗ?"

ನನಗೆ ಗೊತ್ತಿರಲಿಲ್ಲ. ಕೊನೆಗೆ ಅತ್ತಿಗೆ ಗೋಡೆಗೆ ಮುಖ ಮಾಡಿ, "ಮೊನ್ನಿ ಮುಂಜಾನಿ ತೀರ್ತು" ಎಂದಳು. ಬೀಗರು ಮಾಸ್ಕ್ ಸರಿ ಮಾಡಿಕೊಂಡು ಗಾಡಿಯ ಕಡೆ ನಡೆದುಬಿಟ್ಟರು.

ಇಂಜೆಕ್ಷನ್, ಸಲೈನು ಶುರುವಾದವು. ಕೊರೊನಾ ಇಲ್ಲ ಎಂದು ರಿಪೋರ್ಟ್ ಬಂದ ಮೇಲೆ ಅಣ್ಣನನ್ನು ಬೇರೆ ವಾರ್ಡಿಗೆ ತಂದರು. ಅಲ್ಲಿ ನೋಡಿದರೆ ಅರ್ಧ ಮಂಚಗಳಲ್ಲಿ ಇವನ ಬಂಧುಗಳೇ. ಕೈಗಳನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿಸಿಕೊಂಡವರು, ಗೋಡೆಯ ಮೇಲೆ ಹುಳ ಕಾಣುವವರು. ಅವರ ಹೆಂಡಂದಿರನ್ನು ಮಾತಾಡಿಸಿದರೆ ಒಬ್ಬಳ ಗಂಡನಿಗೆ ಪಿತ್ತವಂತೆ, ಇನ್ನೊಬ್ಬಳ ಗಂಡನಿಗೆ ಬಿಸಿಲು ಬಡಿದದ್ದಂತೆ. ನಾನು ಯಾರ ಜೊತೆ ಅಂತ ಜಗಳವಾಡಲಿ? ಅತ್ತಿಗೆಯಂತೂ ನನ್ನೊಂದಿಗೆ ಮಾತು ಬಿಟ್ಟಳು. ಅಣ್ಣ ಕುರಿ ಕರೆಯುವುದನ್ನು ನಿಲ್ಲಿಸಿ, ಕಣ್ಣು ಬಿಟ್ಟು, ಮಗಳ ಗುರುತು ಹಿಡಿದ. ಆಗಲೂ ಅತ್ತಿಗೆ ಅತ್ತದ್ದು ಮುರಿದುಹೋಗುವ ಸಂಬಂಧಕ್ಕಾಗಿ. "ಗಂಡನ್ನ ಉಳಿಸಿದಿ, ಮಗಳನ್ನ ಮುಳುಗಿಸಿದಿ" ಎಂದು ಗಾಳಿಗೆ ಹೇಳಿದಂತೆ ಹೇಳಿದಳು.

ಸಂಬಂಧ ಮುರಿಯಲು ಬೀಗರು ಬರಲಿಲ್ಲ. ಬಂದದ್ದು ಬೇರೆಯದಕ್ಕೆ. ಒಂದು ದಿನ ನಾನು ಗಂಜಿಯ ಡಬ್ಬಿ ಹಿಡಿದು ಒಳಗೆ ಹೋಗುವಾಗ ಬೇವಿನ ಮರದ ಕೆಳಗೆ ನಿಂತು ಕರೆದರು.

"ಅಕ್ಕಾರ, ನಿಮ್ಮಣ್ಣಗ ಏನ್ ಗುಳಿಗಿ ಕೊಟ್ರು? ಚೀಟಿ ಇದ್ರ ತೋರಸ್ರಿ. ನಮ್ಮ ಓಣ್ಯಾಗ ಒಬ್ಬಂಗ ಕೈ ನಡುಗಾಕತ್ತ್ಯಾವ."

"ಓಣ್ಯಾಗ ಯಾರಿಗ್ರಿ?"

ಅವರು ಗಾಡಿಯ ಗಾಲಿ ನೋಡುತ್ತ ನಿಂತರು. ಗಂಡಿಗೇ ಎಂದು ತಿಳಿಯಲು ಮುಂದೆ ಕೇಳುವ ಅಗತ್ಯ ಇರಲಿಲ್ಲ. ಸಕ್ಕರೆ ಹಂಚಿದ ಎರಡೂ ಕಡೆಯವರು ಸುಳ್ಳು ಹೇಳಿದ್ದರು.

"ಮನ್ಯಾಗ ಕೊಡೋ ಗುಳಿಗಿ ಅಲ್ರಿ ಇವು. ಹುಡುಗನ್ನ ಇವತ್ತ ಕರಕೊಂಡ್ ಬರ್ರಿ" ಎಂದೆ. ಒಳಗೆ ಹೋಗಿ ಅಣ್ಣನ ಮಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಮುಚ್ಚಳ ತೆಗೆದು ಅಪ್ಪನ ಮಂಚದ ಕಡೆ ನಡೆದಳು.

ಸಂಜೆಗೆ ಮುಂಚೆ ಹುಡುಗನನ್ನು ತಂದರು. ಅದೇ ಗಾಡಿ, ಅದೇ ಖಾಲಿ ಚೀಲಗಳು. ಚೆಂದದ ಹುಡುಗ, ನೀಲಿ ಅಂಗಿ, ನಡುಗುವ ಕೈಗಳನ್ನು ಕಂಕುಳಲ್ಲಿ ಒತ್ತಿ ಹಿಡಿದಿದ್ದ. ನಾವು ಮೂವರೂ ಹೊರಗೆ ಬಂದೆವು. ಮತ್ತೆ ಅದೇ ಡಾಕ್ಟರು, ಅದೇ ಪ್ರಶ್ನೆ.

"ಕುಡಿಯೋ ಅಭ್ಯಾಸ ಇದೆಯಾ?"

ಬೀಗರು ಒಮ್ಮೆ ನಮ್ಮತ್ತ ನೋಡಿದರು. ನಮ್ಮಣ್ಣನ ಗತಿಯನ್ನೆಲ್ಲ ಕಣ್ಣಾರೆ ಕಂಡ ಮನುಷ್ಯ, ಚೀಟಿ ತೋರಿಸಿ ಎಂದು ನನ್ನೆದುರು ನಿಂತಿದ್ದ ಮನುಷ್ಯ. ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡು, "ಇಲ್ರಿ ಸಾಹೇಬ್ರ, ಚಾ ಸುದ್ದಾ ಮುಟ್ಟಂಗಿಲ್ಲ" ಎಂದರು.

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. ಆಗ ಪಕ್ಕದಿಂದ ಅಣ್ಣನ ಮಗಳು ಮುಂದೆ ಬಂದಳು. ರಾತ್ರಿಯ ಗಂಜಿಯ ಡಬ್ಬಿ ಕೈಯಲ್ಲಿತ್ತು.

"ಕುಡಿತಾರಂತ ಬರ್ಕೊಳ್ರಿ ಡಾಕ್ಟರ್" ಎಂದಳು. ಆಮೇಲೆ ಬೀಗರ ಕಡೆ ತಿರುಗಿ, "ಮಾಮಾ, ಕಡೀಗೆ ಕುಡದದ್ದು ಯಾವಾಗಂತ ಹೇಳ್ರಿ. ಸುಮ್ಮಿದ್ರ ಸಾಯ್ತಾರ" ಎಂದಳು.

"ನಿನ್ನಿ ಮುಂಜಾನಿ" ಎಂದರು ಬೀಗರು, ನೆಲ ನೋಡುತ್ತ.

ಹುಡುಗನನ್ನು ಒಳಗೆ ಕರೆದುಕೊಂಡು ಹೋದರು. ಅಣ್ಣನ ಮಗಳು ಅಪ್ಪನಿಗೆ ಗಂಜಿ ಕುಡಿಸಲು ಹೋದಳು. ಅತ್ತಿಗೆ ಮಾತ್ರ ನನ್ನ ತೋಳು ಬಿಡದೆ, ಹೇಳಿದವಳು ನಾನೇ ಎಂಬಂತೆ ನನ್ನನ್ನೇ ದುರುಗುಟ್ಟಿ ನೋಡುತ್ತ ನಿಂತಿದ್ದಳು.